ಶಾಯಿ ಇಲ್ಲದ ಬೆರಳು

2024ರ ಮೇ 7, ಮಂಗಳವಾರ. ಬೆಳಿಗ್ಗೆ ಏಳೂವರೆಗೆ ಹಾಲು ತರಲೆಂದು ಮೆಟ್ಟಿಲಿಳಿದು ಬಂದರೆ ಕೆಳಮನೆಯ ಕಾಕಾ ಆಗಲೇ ಮತ ಹಾಕಿ ಬಂದು ಓಟ್ಲಾ ಮೇಲೆ ಕೂತಿದ್ದರು. ಎಡಗೈ ತೋರುಬೆರಳಿನ ಶಾಯಿ ತೋರಿಸಿ, ‘ತಮೇ ಜಈ ಆವ್ಯಾ?’ ಅಂದರು. ನೀವು ಹೋಗಿ ಬಂದಿರಾ ಅಂತ. ಇಲ್ಲ ಕಾಕಾ, ನಮ್ಮ ಹೆಸರು ಕರ್ನಾಟಕದ ಪಟ್ಟಿಯಲ್ಲಿದೆ ಅಂದೆ. ‘ಅಲ್ಲಿ ಯಾವಾಗ ಮತದಾನ?’ ಎಂದು ಕೇಳಿದರು. ‘ಇವತ್ತೇ’ ಅಂದೆ. ಅವರಿಗೆ ನಗು ಬಂತು. ನನಗೆ ಬರಲಿಲ್ಲ.

ಗುಜರಾತ್ ಮತ್ತು ಉತ್ತರ ಕರ್ನಾಟಕಕ್ಕೆ ಆ ಸಲ ಒಂದೇ ದಿನ ಮತದಾನ. ವಡೋದರಾ, ಧಾರವಾಡ ಎರಡೂ ಕ್ಷೇತ್ರಗಳು ಮೂರನೇ ಹಂತದಲ್ಲಿದ್ದವು. ಮತದಾನದ ದಿನ ನೌಕರರಿಗೆ ಸಂಬಳ ಸಹಿತ ರಜೆ ಕೊಡಬೇಕೆಂದು ಕಾನೂನೇ ಇದೆ. ನಮ್ಮ ಆಫೀಸೂ ಕೊಟ್ಟಿತ್ತು. ಆದರೆ ಫತೇಗಂಜ್‌ನಿಂದ ಧಾರವಾಡದ ಹತ್ತಿರದ ನಮ್ಮ ಊರಿಗೆ ಹೋಗಲು ರೈಲಿನಲ್ಲಿ ಹೆಚ್ಚುಕಡಿಮೆ ಒಂದು ದಿನ ಬೇಕು, ಬರಲು ಇನ್ನೊಂದು ದಿನ. ಒಂದು ದಿನದ ರಜೆ ಸಾಲುವುದಿಲ್ಲ. ಹೀಗಾಗಿ ಎಂ.ಟೆಕ್ ಓದಿದ, ತೆರಿಗೆ ಕಟ್ಟುವ, ದಿನಕ್ಕೆ ಎರಡು ಪತ್ರಿಕೆ ಓದುವ ನಾನು ಅಂದು ಎಲ್ಲಿಯೂ ಮತ ಹಾಕಲಿಲ್ಲ.

ಸಂಜೆ ಅಪ್ಪನ ಫೋನ್ ಬಂತು. ಅಪ್ಪ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ಮೂವತ್ತು ವರ್ಷ ಚುನಾವಣೆ ಡ್ಯೂಟಿ ಮಾಡಿದವರು. ‘ನಾ ಎಷ್ಟ ಮಂದಿ ಬೆರಳಿಗೆ ಶಾಯಿ ಹಚ್ಚೇನೋ ಲೆಕ್ಕ ಇಲ್ಲ. ನನ್ನ ಮಗನ ಬೆರಳಿಗೆ ಹಚ್ಚಾವ್ರು ಯಾರೂ ಸಿಗಲಿಲ್ಲ ನೋಡು’ ಅಂದರು. ಸಿಟ್ಟಿನಿಂದ ಹೇಳಿದ್ದರೆ ಏನಾದರೂ ಉತ್ತರ ಕೊಡುತ್ತಿದ್ದೆ. ಅವರು ಬೇಸರದಿಂದ ಹೇಳಿದ್ದರು.

‘ಹಂಗಾದ್ರ ಹೆಸರು ಇಲ್ಲಿಗೇ ತಗೋತೇನಪಾ’ ಅಂದೆ. ‘ಅದೊಂದ ಮಾಡಬ್ಯಾಡ. ಹೆಸರು ಊರಾಗ ಇರ್ಲಿ. ನಮ್ಮ ಪಂಚಾಯ್ತಿ ಇಲೆಕ್ಷನ್ನಿನ್ಯಾಗ ಎರಡ ವೋಟಿಗೆ ಗೆದ್ದವರದಾರ’ ಎಂದು ಫೋನ್ ಇಟ್ಟರು.

ಒಂದು ನೆರೆ, ಮೂರು ಸರ್ಕಾರ

ವಿಷಯ ಅಲ್ಲಿಗೇ ನಿಲ್ಲುತ್ತಿತ್ತೇನೋ. ಆದರೆ ಅದೇ ವರ್ಷದ ಆಗಸ್ಟ್ ಕೊನೆಯ ವಾರ ವಿಶ್ವಾಮಿತ್ರಿ ನದಿ ಊರೊಳಗೆ ಬಂತು. ವಡೋದರಾ ಗೊತ್ತಿಲ್ಲದವರಿಗೆ ಹೇಳಬೇಕು: ವಿಶ್ವಾಮಿತ್ರಿ ನಗರದ ನಡುವೆಯೇ ಹರಿಯುವ, ಮೊಸಳೆಗಳಿರುವ ನದಿ. ಇಪ್ಪತ್ತೈದು ಅಡಿ ಅದರ ಅಪಾಯದ ಮಟ್ಟ. ಆ ವಾರ ನೀರು ಅದನ್ನು ಬಹಳ ಮೀರಿ ಏರಿತು. ನಮ್ಮದು ಎರಡನೇ ಮಹಡಿ. ಕಾಕಾ ಅವರದು ನೆಲಮನೆ. ಅವರ ಅಕ್ಕಿ, ಗೋಧಿ, ಹಾಸಿಗೆ, ಮೊಮ್ಮಗಳ ಪುಸ್ತಕಗಳನ್ನೆಲ್ಲ ನಮ್ಮ ಹಾಲ್‌ಗೆ ಹೊತ್ತು ತಂದೆವು. ಎರಡು ದಿನ ಕರೆಂಟ್ ಇರಲಿಲ್ಲ.

ಕತ್ತಲಲ್ಲಿ ಕೂತಾಗ ಒಂದೊಂದೇ ಲೆಕ್ಕ ಹಾಕಿದೆ. ಮಳೆಯ ಮುನ್ಸೂಚನೆ ಕೊಟ್ಟದ್ದು ಹವಾಮಾನ ಇಲಾಖೆ, ಅದು ಕೇಂದ್ರದ್ದು. ಜನರನ್ನು ದೋಣಿಯಲ್ಲಿ ಸಾಗಿಸಿದ ಎನ್‌ಡಿಆರ್‌ಎಫ್ ಕೇಂದ್ರದ್ದು. ಅದರ ಆರನೇ ಬೆಟಾಲಿಯನ್ ಇರುವುದೇ ವಡೋದರಾ ಹತ್ತಿರದ ಜರೋದ್‌ನಲ್ಲಿ. ಸೇನೆಯೂ ಕೇಂದ್ರದ್ದು. ನದಿ, ಕಾಲುವೆ, ಚರಂಡಿಯ ವಿಷಯ ರಾಜ್ಯದ್ದು. ರಸ್ತೆಯಲ್ಲಿ ನಿಂತ ಪೊಲೀಸರು ರಾಜ್ಯದವರು. ನಮ್ಮ ಓಣಿಯ ಗಟಾರ, ಕಸ, ಕುಡಿಯುವ ನೀರು ಮಹಾನಗರ ಪಾಲಿಕೆಯದು. ಸಂವಿಧಾನದ ಏಳನೇ ಅನುಸೂಚಿ ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವಲ್ಲ, ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ, ಅದು ಮೊಣಕಾಲುದ್ದ ನೀರಿನಲ್ಲಿ ನಿಂತಾಗ ಅರ್ಥವಾಗುತ್ತದೆ. ನಗರಪಾಲಿಕೆಗಳ ಹದಿನೆಂಟು ಕೆಲಸಗಳ ಹನ್ನೆರಡನೇ ಅನುಸೂಚಿ ಸಂವಿಧಾನಕ್ಕೆ ಸೇರಿದ್ದು 74ನೇ ತಿದ್ದುಪಡಿಯಿಂದ. ಅದು ಜಾರಿಗೆ ಬಂದದ್ದು 1993ರಲ್ಲಿ. ಅಂದರೆ ಮೂರನೇ ಹಂತದ ಈ ಸರ್ಕಾರಕ್ಕೆ ಸಂವಿಧಾನದ ಬಲ ಸಿಕ್ಕಾಗ ನಾನು ಇನ್ನೂ ಕೂಸು.

ನೀರು ಇಳಿದ ಮೇಲೆ ಸ್ಥಳೀಯ ಮುಖಂಡರೊಬ್ಬರು ಓಣಿಗೆ ಬಂದರು. ಎಲ್ಲರೂ ಸುತ್ತುವರಿದು ಚರಂಡಿಯ ಬಗ್ಗೆ ಜೋರು ಮಾಡಿದರು. ನಾನೂ ಒಂದೆರಡು ಮಾತು ಹೇಳಿದೆ. ಜೊತೆಗಿದ್ದ ಹುಡುಗ ಕೈಯಲ್ಲಿದ್ದ ಪಟ್ಟಿ ತೆರೆದು ಕೇಳಿದ: ‘ಸಾಹೇಬ್, ನಿಮ್ಮ ವೋಟು ಯಾವ ಬೂತಿನದು?’ ಒರಟಾಗಿ ಕೇಳಲಿಲ್ಲ, ಪಾಪ. ಅವನಿಗೆ ಬೇಕಿದ್ದದ್ದು ಬರೀ ಕ್ರಮಸಂಖ್ಯೆ. ನನ್ನ ಬಳಿ ಅದು ಇರಲಿಲ್ಲ. ಅವನು ಮುಂದಿನವರ ಕಡೆ ತಿರುಗಿದ.

ನನಗೆ ಬೇಕಾದ ಮೂರೂ ಸರ್ಕಾರಗಳು ಇಲ್ಲಿದ್ದವು. ಅವುಗಳಲ್ಲಿ ಯಾವುದನ್ನೂ ಇಲ್ಲಿಂದ ಆರಿಸುವ ಹಕ್ಕು ನಾನು ಇಟ್ಟುಕೊಂಡಿರಲಿಲ್ಲ.

ನನ್ನ ಒಂದು ವೋಟು ಯಾರನ್ನು ಆರಿಸುತ್ತದೆ?

ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಚುನಾವಣೆ ಬಂದಾಗಲೆಲ್ಲ ‘ಪ್ರಧಾನಿಗೆ ವೋಟು’ ಎಂಬ ಮಾತು ಕೇಳುತ್ತೇನೆ. ವಡೋದರಾದವರು ಹಾಗೆ ಹೇಳುವುದಕ್ಕೆ ಕಾರಣವೂ ಇದೆ. 2014ರಲ್ಲಿ ನರೇಂದ್ರ ಮೋದಿ ಇಲ್ಲಿಂದ 5,70,128 ಮತಗಳ ಅಂತರದಲ್ಲಿ ಗೆದ್ದರು. ಆದರೆ ಅವರು ವಾರಾಣಸಿಯಲ್ಲೂ ಗೆದ್ದಿದ್ದರು. ಒಬ್ಬರು ಎರಡು ಕ್ಷೇತ್ರಗಳಲ್ಲಿ ನಿಲ್ಲಬಹುದು, ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. ವಾರಾಣಸಿ ಉಳಿಯಿತು, ವಡೋದರಾ ಖಾಲಿಯಾಯಿತು. ಅದೇ ಸೆಪ್ಟೆಂಬರಿನ ಉಪಚುನಾವಣೆಯಲ್ಲಿ ರಂಜನ್‌ಬೆನ್ ಭಟ್ ಗೆದ್ದರು. ಪ್ರಧಾನಿ ಬದಲಾಗಲಿಲ್ಲ, ವಡೋದರಾದ ಸಂಸದರು ಬದಲಾದರು. ಮತದಾರ ಆರಿಸುವುದು ತನ್ನ ಸಂಸದನನ್ನು ಮಾತ್ರ. 543 ಸದಸ್ಯರ ಲೋಕಸಭೆಯಲ್ಲಿ ಯಾರಿಗೆ ಬಹುಮತದ ಬೆಂಬಲವಿದೆಯೋ ಅವರು ಪ್ರಧಾನಿ.

ಇದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಎಚ್.ಡಿ. ದೇವೇಗೌಡರು 1996ರ ಜೂನ್ 1ರಂದು ಪ್ರಮಾಣವಚನ ಸ್ವೀಕರಿಸಿದಾಗ ಸಂಸತ್ತಿನ ಸದಸ್ಯರೇ ಆಗಿರಲಿಲ್ಲ. ಆರು ತಿಂಗಳೊಳಗೆ ಯಾವುದಾದರೂ ಒಂದು ಸದನಕ್ಕೆ ಬಂದರೆ ಸಾಕು ಎನ್ನುತ್ತದೆ ಸಂವಿಧಾನ. ಅವರು ಕರ್ನಾಟಕದಿಂದ ರಾಜ್ಯಸಭೆಗೆ ಬಂದರು. ಆದರೆ 1997ರ ಏಪ್ರಿಲ್‌ನಲ್ಲಿ ಅವರ ಸರ್ಕಾರ ಬಿದ್ದದ್ದು ತಾವು ಸದಸ್ಯರಲ್ಲದ ಲೋಕಸಭೆಯಲ್ಲಿ. ಏಕೆಂದರೆ ಮಂತ್ರಿಮಂಡಲ ಸಾಮೂಹಿಕವಾಗಿ ಹೊಣೆಯಾಗಿರುವುದು ಲೋಕಸಭೆಗೆ ಮಾತ್ರ. ಎರಡು ವರ್ಷದ ನಂತರ ಅದೇ ಸಭೆಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಅವರ ಸರ್ಕಾರ 269–270ರಲ್ಲಿ, ಒಂದೇ ಮತದಿಂದ ಬಿತ್ತು. ‘ಎರಡ ವೋಟಿಗೆ ಗೆದ್ದವರದಾರ’ ಎಂಬ ಅಪ್ಪನ ಮಾತು ಬರೀ ಪಂಚಾಯ್ತಿಗೆ ಸೇರಿದ್ದಲ್ಲ.

ರಾಜ್ಯಸಭೆಯ ಲೆಕ್ಕ ಬೇರೆ. ಅಲ್ಲಿಗೆ ಆರಿಸುವವರು ಶಾಸಕರು. ಕರ್ನಾಟಕಕ್ಕೆ 12 ಸ್ಥಾನ, ಗುಜರಾತಿಗೆ 11. ಆಯಾ ರಾಜ್ಯದ ನಿವಾಸಿಯೇ ಆಗಿರಬೇಕೆಂಬ ನಿಯಮವನ್ನು ಸಂಸತ್ತು 2003ರಲ್ಲಿ ತೆಗೆಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಹೀಗಾಗಿ ಮಧುರೈನಲ್ಲಿ ಹುಟ್ಟಿದ ನಿರ್ಮಲಾ ಸೀತಾರಾಮನ್ 2016ರಿಂದ ಕರ್ನಾಟಕದ ಪ್ರತಿನಿಧಿ. ದೆಹಲಿಯಲ್ಲಿ ಹುಟ್ಟಿದ ಎಸ್. ಜೈಶಂಕರ್ 2019ರಿಂದ ಗುಜರಾತಿನ ಪ್ರತಿನಿಧಿ. ತಮಾಷೆಯೆಂದರೆ, ಸಂಸದ ಎಲ್ಲಿಂದ ಬೇಕಾದರೂ ಎಲ್ಲಿಗೆ ಬೇಕಾದರೂ ಹೋಗಿ ನಿಲ್ಲಬಹುದು. ಮತದಾರ ಮಾತ್ರ ವಾಸವಿರುವ ಕಡೆಯೇ ನಿಲ್ಲಬೇಕು.

ಇನ್ನೊಂದು ಸಂಗತಿ ನಮ್ಮ ಪಕ್ಕದ ಸೂರತ್‌ನದು. ನಾನು ಮತ ಹಾಕದೆ ಉಳಿದ ಅದೇ ಚುನಾವಣೆಯಲ್ಲಿ ಸೂರತ್‌ನ ಯಾರೂ ಲೋಕಸಭೆಗೆ ಮತ ಹಾಕಲಿಲ್ಲ. ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಯಿತು, ಉಳಿದವರು ಹಿಂದೆ ಸರಿದರು. 2024ರ ಏಪ್ರಿಲ್ 22ರಂದೇ ಬಿಜೆಪಿಯ ಮುಕೇಶ್ ದಲಾಲ್ ಅವಿರೋಧವಾಗಿ ಆಯ್ಕೆಯಾದರು ಎಂದು ಘೋಷಿಸಲಾಯಿತು. ಕಣದಲ್ಲಿ ಒಬ್ಬರೇ ಉಳಿದರೆ ಮತದಾನವೇ ಇಲ್ಲ, ‘ನೋಟಾ’ ಒತ್ತುವ ಅವಕಾಶವೂ ಇಲ್ಲ. ಇದೇ ಸೂರತ್ 1977ರಲ್ಲಿ ಮೊರಾರ್ಜಿ ದೇಸಾಯಿ ಅವರನ್ನು ಆರಿಸಿ ಕಳಿಸಿತ್ತು, ಅವರು ಪ್ರಧಾನಿಯಾದರು. ಅಲ್ಲಿನ ಗೆಳೆಯನೊಬ್ಬ, ಬಾಗಲಕೋಟೆಯವನು, ಎರಡು ವರ್ಷದ ಹಿಂದೆ ಕಷ್ಟಪಟ್ಟು ಹೆಸರನ್ನು ಸೂರತ್‌ಗೆ ತಂದುಕೊಂಡಿದ್ದ. ‘ನಿನಗ ಹೋಗಾಕಾಗಲಿಲ್ಲ, ನನಗ ಹಾಕಾಕಾಗಲಿಲ್ಲ. ಇಬ್ಬರೂ ಒಂದs’ ಎಂದು ಮೆಸೇಜು ಹಾಕಿದ್ದ.

ಬಾಗಿಲು ಮುಚ್ಚಿದ ಊರು

ಫತೇಗಂಜ್‌ನಿಂದ ವಿಶ್ವವಿದ್ಯಾಲಯದ ಕಡೆ ಸ್ವಲ್ಪ ನಡೆದರೆ ಸಯಾಜಿ ಬಾಗ್. ಹಳಬರು ಕಮಾಟಿ ಬಾಗ್ ಅನ್ನುತ್ತಾರೆ. ಭಾನುವಾರ ಮಗನನ್ನು ಅಲ್ಲಿಗೆ ಕರೆದೊಯ್ಯುತ್ತೇನೆ. ಬಹಳ ದಿನ ನನಗೆ ಅದು ಬರೀ ಮೃಗಾಲಯ, ಪುಟಾಣಿ ರೈಲು.

1917ರಲ್ಲಿ ಆ ತೋಟದಲ್ಲಿ ಒಬ್ಬ ತರುಣ ರೈಲಿನ ಹೊತ್ತಿಗಾಗಿ ಗಂಟೆಗಟ್ಟಲೆ ಕೂತಿದ್ದರು. ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದು ಇಲ್ಲಿ ಕೆಲಸಕ್ಕೆ ಸೇರಿದ್ದ ಭೀಮರಾವ್ ಅಂಬೇಡ್ಕರ್. ದಲಿತನೆಂದು ಯಾರೂ ಮನೆ ಕೊಡಲಿಲ್ಲ. ಹೆಸರು ಮರೆಸಿ ಪಾರ್ಸಿ ಛತ್ರವೊಂದರಲ್ಲಿ ಉಳಿದರು; ಹನ್ನೊಂದನೇ ದಿನ ಬಡಿಗೆ ಹಿಡಿದವರು ಬಂದು ಹೊರಹಾಕಿದರು. ಇಬ್ಬರು ಸ್ನೇಹಿತರೂ ಮನೆಗೆ ಕರೆದುಕೊಳ್ಳಲಿಲ್ಲ. ಆ ರಾತ್ರಿಯ ರೈಲಿಗೆ ಅವರು ಮುಂಬೈಗೆ ಮರಳಿದರು.

ಮೂವತ್ತು ವರ್ಷದ ಮೇಲೆ ಅವರೇ ಕರಡು ಸಮಿತಿಯ ಅಧ್ಯಕ್ಷರು. ಭಾರತದ ಯಾವುದೇ ಭಾಗದಲ್ಲಿ ವಾಸಿಸುವ, ನೆಲೆಸುವ ಹಕ್ಕು ಪ್ರತಿ ಪ್ರಜೆಗೂ ಇದೆ ಎಂಬ 19ನೇ ವಿಧಿ ಆ ಸಂವಿಧಾನದಲ್ಲಿದೆ. ನಾನು ಫತೇಗಂಜ್‌ನಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಬಾಡಿಗೆಗಿರುವುದು ಆ ಸಾಲಿನ ಬಲದಿಂದ. ಬಾಡಿಗೆಮನೆ ಹುಡುಕುವಾಗ ‘ನೀವು ಯಾವ ಜನ?’ ಎಂದು ಈಗಲೂ ಕೇಳುತ್ತಾರೆ, ಅದು ಬೇರೆ ಮಾತು. ಕಾನೂನು ಬದಲಾದಷ್ಟು ಬೇಗ ಬಾಗಿಲುಗಳು ಬದಲಾಗಿಲ್ಲ.

ಆ ಕರಡು ಸಮಿತಿಯಲ್ಲಿ ನಮ್ಮ ಎರಡೂ ಊರುಗಳ ಗುರುತಿದೆ. ಮೊದಲ ಕರಡು ಸಿದ್ಧಪಡಿಸಿದ ಸಂವಿಧಾನ ಸಲಹೆಗಾರ ಬಿ.ಎನ್. ರಾವ್ ಮಂಗಳೂರು ಕಡೆಯ ಬೆನಗಲ್ ಮನೆತನದವರು. ಸಮಿತಿಯ ಏಳು ಜನರಲ್ಲಿ ಒಬ್ಬರಾದ ಬಿ.ಎಲ್. ಮಿತ್ತರ್ ಬರೋಡಾದ ದಿವಾನರಾಗಿದ್ದವರು. ಅವರು ಬಿಟ್ಟಾಗ ಆ ಜಾಗಕ್ಕೆ ಬಂದದ್ದು ಎನ್. ಮಾಧವರಾವ್, ಮೈಸೂರಿನ ಮಾಜಿ ದಿವಾನರು. ಮತ್ತೊಬ್ಬ ಸದಸ್ಯ ಕೆ.ಎಂ. ಮುನ್ಶಿ ಬರೋಡಾ ಕಾಲೇಜಿನಲ್ಲಿ ಓದಿದವರು. ಲೋಕಸಭೆಯ ಮೊದಲ ಸ್ಪೀಕರ್ ಜಿ.ವಿ. ಮಾವಳಂಕರ್ ಹುಟ್ಟಿದ್ದು ಬರೋಡಾದಲ್ಲಿ.

ಇನ್ನು ರಾಜ್ಯ–ಕೇಂದ್ರದ ನಡುವಿನ ಗೆರೆ ಗಟ್ಟಿಯಾದದ್ದು ನಮ್ಮ ಜಿಲ್ಲೆಯವರ ಹೆಸರಿನಲ್ಲಿ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು ಸದನದಲ್ಲಿ ಬಹುಮತ ಸಾಬೀತುಪಡಿಸಲು ಬಿಡದೆ 356ನೇ ವಿಧಿಯಡಿ ವಜಾ ಮಾಡಲಾಯಿತು. ಅವರು ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಇಷ್ಟು: ಬಹುಮತ ಇದೆಯೋ ಇಲ್ಲವೋ ಎಂದು ತೀರ್ಮಾನವಾಗಬೇಕಾದ ಜಾಗ ರಾಜಭವನವಲ್ಲ, ಸದನ, ರಾಷ್ಟ್ರಪತಿ ಆಳ್ವಿಕೆಯ ಆದೇಶವನ್ನು ಕೋರ್ಟು ಪರಿಶೀಲಿಸಬಹುದು. ಬೊಮ್ಮಾಯಿಯವರಿಗೆ ಕುರ್ಚಿ ಮರಳಿ ಸಿಗಲಿಲ್ಲ. ಆದರೆ ಅಂದಿನಿಂದ ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ಎಲ್ಲರ ಬಾಯಲ್ಲಿ ಬರುವುದು ಅವರ ಹೆಸರಿನ ತೀರ್ಪು. ನಾನು ದಿನವಿಡೀ ಸಾಫ್ಟ್‌ವೇರ್ ಬರೆಯುವವನು. ಎಲ್ಲ ಅಧಿಕಾರ ಒಂದೇ ಖಾತೆಗೆ ಕೊಟ್ಟರೆ ಏನಾಗುತ್ತದೆಂದು ನಮ್ಮ ಕಸುಬು ಬೇಗ ಕಲಿಸುತ್ತದೆ. ಲೋಕಸಭೆ, ರಾಜ್ಯಸಭೆ, ರಾಜ್ಯ, ಪಾಲಿಕೆ, ಕೋರ್ಟು, ಚುನಾವಣಾ ಆಯೋಗ ಎಂದು ಹಂಚಿಟ್ಟದ್ದು ತೊಡಕೆನಿಸಿದರೂ ತೊಡಕೇ ಅದರ ಕಾವಲು.

ಹೆಸರು ಎಲ್ಲಿರಬೇಕು?

ಕಾನೂನಿನಲ್ಲಿ ಉತ್ತರ ಸ್ಪಷ್ಟ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಮತದಾರ ‘ಸಾಮಾನ್ಯವಾಗಿ ವಾಸಿಸುವ’ ಕಡೆ ಅವನ ಹೆಸರಿರಬೇಕು. ಊರಲ್ಲಿ ಸ್ವಂತ ಮನೆ ಇದ್ದ ಮಾತ್ರಕ್ಕೆ ಅಲ್ಲಿನ ವಾಸಿ ಆಗುವುದಿಲ್ಲ ಎಂದು ಕಾಯ್ದೆ ಬಿಡಿಸಿ ಹೇಳುತ್ತದೆ. ಎರಡು ಕಡೆ ಹೆಸರಿಡುವಂತಿಲ್ಲ. ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯೂ ಆಗಬಹುದು. ನನ್ನಂಥ ಎಷ್ಟೋ ಜನ ವರ್ಷಗಟ್ಟಲೆ ಹೊರಗಿದ್ದೂ ಊರಿನ ಪಟ್ಟಿಯಲ್ಲಿರುವುದು ಮಮತೆಯಿಂದಲೋ ಸೋಮಾರಿತನದಿಂದಲೋ, ಅದರಲ್ಲಿ ಹಕ್ಕಿನ ಮಾತಿಲ್ಲ.

ದೂರದಿಂದಲೇ ಮತ ಹಾಕುವ ಯಂತ್ರದ ಮಾತೂ ಬಂದಿತ್ತು. 2019ರಲ್ಲಿ ಶೇ 67.4 ಮತದಾನವಾಗಿ 30 ಕೋಟಿಗೂ ಹೆಚ್ಚು ಮತದಾರರು ಹೊರಗುಳಿದರು, ವಲಸೆ ಅದಕ್ಕೊಂದು ದೊಡ್ಡ ಕಾರಣ ಎಂದು 2022ರ ಡಿಸೆಂಬರಿನಲ್ಲಿ ಚುನಾವಣಾ ಆಯೋಗವೇ ಹೇಳಿತು. ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳವರೆಗೆ ನಿಭಾಯಿಸುವ ಯಂತ್ರದ ಮಾದರಿಯನ್ನು ಮರುತಿಂಗಳು ಪಕ್ಷಗಳಿಗೆ ತೋರಿಸಲು ಕರೆಯಿತು. ವಿರೋಧ ಪಕ್ಷಗಳು ಒಪ್ಪಲಿಲ್ಲ. ‘ವಲಸಿಗ’ ಎಂದರೆ ಯಾರು, ಪರ ಊರಿನ ಮತಗಟ್ಟೆಯಲ್ಲಿ ಏಜೆಂಟರು ಯಾರು, ನೀತಿಸಂಹಿತೆ ಯಾರ ಮೇಲೆ ಎಂಬ ಪ್ರಶ್ನೆಗಳು ಉಳಿದವು. ಯಂತ್ರ ಮಾಡುವುದು ನಮ್ಮವರಿಗೆ ಕಷ್ಟವಲ್ಲ. ಸೋತವನೂ ಆ ಯಂತ್ರವನ್ನು ನಂಬುವಂತೆ ಮಾಡುವುದು ಕಷ್ಟ. 2024ರ ಚುನಾವಣೆಗೆ ಅದು ಬರಲಿಲ್ಲ.

ಇನ್ನೊಂದು ಲೆಕ್ಕವೂ ಮುಂದಿದೆ. ಕರ್ನಾಟಕಕ್ಕೆ 28, ಗುಜರಾತಿಗೆ 26 ಲೋಕಸಭಾ ಸ್ಥಾನಗಳನ್ನು ನಿಗದಿ ಮಾಡಿದ್ದು 1971ರ ಜನಗಣತಿಯ ಆಧಾರದ ಮೇಲೆ. 2026ರ ನಂತರದ ಮೊದಲ ಜನಗಣತಿಯವರೆಗೆ ರಾಜ್ಯಗಳ ಪಾಲು ಬದಲಾಗದಂತೆ 84ನೇ ತಿದ್ದುಪಡಿ ತಡೆದಿದೆ. ಜನಗಣತಿಯವರು ನನ್ನನ್ನು ಎಣಿಸುವುದು ಫತೇಗಂಜ್‌ನಲ್ಲಿ. ತಲೆ ಇಲ್ಲಿ ಎಣಿಕೆಯಾಗಿ ವೋಟು ಅಲ್ಲಿ ಉಳಿದರೆ, ನನ್ನ ಲೆಕ್ಕದಲ್ಲಿ ಬಂದ ಪ್ರತಿನಿಧಿಯನ್ನು ಬೇರೆಯವರು ಆರಿಸುತ್ತಾರೆ.

ಫಾರ್ಮ್ 8 ತುಂಬಿದೆ. ವಿಳಾಸ ಬದಲಾವಣೆಗೆ ಅದೇ; ಹೊಸದಾಗಿ ಸೇರುವವರಿಗೆ ಫಾರ್ಮ್ 6. ಮೊಬೈಲಿನಲ್ಲೇ ಆಗುತ್ತದೆ. ಬಾಡಿಗೆದಾರರಿಗೆ ಕಷ್ಟವೆಂದರೆ ವಿಳಾಸದ ದಾಖಲೆ. ಬಾಡಿಗೆ ಕರಾರು ನೋಂದಣಿಯಾಗಿರಬೇಕು, ಅದಕ್ಕೆ ಎಲ್ಲ ಮಾಲೀಕರೂ ಒಪ್ಪುವುದಿಲ್ಲ. ನಾನು ಆಧಾರ್ ವಿಳಾಸ ಬದಲಿಸಿಕೊಂಡಿದ್ದರಿಂದ ಪಾರಾದೆ. ಮತಗಟ್ಟೆ ಅಧಿಕಾರಿ ಒಬ್ಬರು ಶಾಲಾ ಶಿಕ್ಷಕಿ. ಶಾಲೆ ಬಿಟ್ಟ ಮೇಲೆ ಸುಸ್ತಾಗಿ ಮೂರು ಮಹಡಿ ಹತ್ತಿಳಿದು ನಮ್ಮ ಮನೆಗೂ ಬಂದರು. ‘ಇವರು ಇಲ್ಲೇ ಇರುವವರು, ನೆರೆಯಲ್ಲಿ ನಮ್ಮ ಗೋಧಿ ಹೊತ್ತವರು’ ಎಂದು ಕಾಕಾ ಸಾಕ್ಷಿ ಹೇಳಿದರು. ಆ ಬಾಯಿ ನೀರು ಕುಡಿದು ಹೊರಟಾಗ ಅಪ್ಪನ ನೆನಪಾಯಿತು.

ಅಪ್ಪನಿಗೆ ಹೇಳುವುದು ಉಳಿದಿತ್ತು. ದೀಪಾವಳಿಗೆ ಊರಿಗೆ ಹೋದಾಗ ಹೇಳಿದೆ. ಅವ್ವ ಒಳಗೆ ಎದ್ದು ಹೋದಳು. ಅಪ್ಪ ಸುಮ್ಮನಿದ್ದರು. ನಾನು ಸಿದ್ಧಮಾಡಿಕೊಂಡು ಹೋಗಿದ್ದ ಮಾತು ತೆಗೆದೆ: ‘ಅಪ್ಪಾ, ನೀ ಹುಟ್ಟಿದ್ದು 52ನೇ ಇಸ್ವಿ. ಬರೋಡಾ ಸಂಸ್ಥಾನ ಮುಂಬೈ ಪ್ರಾಂತಕ್ಕ ಸೇರಿದ್ದು 49ರ ಮೇ 1ಕ್ಕ. ಧಾರವಾಡ ಮೈಸೂರಿಗೆ ಬಂದದ್ದು 56ರ ನವೆಂಬರ್ 1ಕ್ಕ. ನೀ ಹುಟ್ಟಿದಾಗ ನಮ್ಮೂರು, ಆ ಊರು ಎರಡೂ ಒಂದ ರಾಜ್ಯದಾಗ ಇದ್ದವು.’

‘ಅದು ನನಗ ಗೊತ್ತಿಲ್ಲೇನು? ನಾ ಸಾಲಿ ಮಾಸ್ತರ’ ಎಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, ‘ಪಟ್ಟಿಯೊಳಗ ಇಲ್ಲಿ ನಿನ್ನ ಹೆಸರು ಹೊಡದ್ರೇನು?’ ಎಂದು ಕೇಳಿದರು. ಹೌದು ಅಂದೆ. ನನ್ನ ಹೆಸರಿನ ಮುಂದೆ ತಂದೆಯ ಹೆಸರೆಂದು ಅವರ ಹೆಸರಿತ್ತು, ಅದೂ ಹೋಗಿತ್ತು. ನಾನು ಅದನ್ನು ಯೋಚಿಸಿರಲಿಲ್ಲ. ಅವರು ಯೋಚಿಸಿದ್ದರು.

‘ಅಲ್ಲಿ ಪಟ್ಟಿಯೊಳಗ ನನ್ನ ಹೆಸರು ಹೆಂಗ ಬರೀತಾರ?’ ಅಂದರು. ಮೊಬೈಲ್ ತೆಗೆದು ತೋರಿಸಿದೆ. ಗುಜರಾತಿ ಲಿಪಿಯಲ್ಲಿ ನನ್ನ ಹೆಸರು, ಕೆಳಗೆ ಅವರದು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಓದಲು ಬರದಿದ್ದರೂ ಬೆರಳಿಟ್ಟು ಅಕ್ಷರ ಎಣಿಸಿದರು.

‘ಆತು ಬಿಡು’ ಎಂದರು. ‘ಇನ್ನ ಮ್ಯಾಲ ತಪ್ಪಸಬ್ಯಾಡ. ಹಚ್ಚೂ ಶಾಯಿ ಅಲ್ಲಿಗೂ ನಮ್ಮ ಮೈಸೂರಿಂದನ ಹೋಗತೈತಿ.’

(ಲೇಖಕರು ವಡೋದರಾದ ಫತೇಗಂಜ್‌ನಲ್ಲಿ ನೆಲೆಸಿರುವ ಸಾಫ್ಟ್‌ವೇರ್ ಎಂಜಿನಿಯರ್)